ಕೋರ್ ಬುಕ್ ಆದಮೇಲೆ ಸಪ್ಲಿಮೆಂಟ್‌ಗಳನ್ನು ಯಾವ ಲೆಕ್ಕದಲ್ಲಿ ಬಿಡಬೇಕು?

ಬಂದರು ತಂಡ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಬರೆದಿದ್ದೇವೆ, ಅಂದರೆ ಮೇಜಿನ ಸುತ್ತ ಕೂತು, ಒಬ್ಬ ಗೇಮ್ ಮಾಸ್ಟರ್ ಕಥೆ ನಡೆಸಿದರೆ ಉಳಿದವರು ಒಂದೊಂದು ಪಾತ್ರವಾಗಿ ಆಡುವ ಆಟ. ಹಡಗು, ಬಂದರು, ಮೆಣಸಿನ ವ್ಯಾಪಾರ, ಸಮುದ್ರದ ಭೂತಗಳು ಇರುವ ಆಟ. ಬರೆದಿರುವುದು ಇಂಗ್ಲಿಷಿನಲ್ಲಿ, ಯಾಕೆಂದರೆ ಕೊಳ್ಳುವವರು ಬಹುತೇಕ ಹೊರದೇಶದವರು. ಮುಖ್ಯ ನಿಯಮಗಳಿರುವ ಕೋರ್ ಬುಕ್ಕಿನ ಬರವಣಿಗೆ ಮುಗಿದಿದೆ, ಎಡಿಟಿಂಗ್ ನಡೆಯುತ್ತಿದೆ. ಡ್ರೈವ್‌ಥ್ರೂಆರ್‌ಪಿಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಪಿಡಿಎಫ್, ಜೊತೆಗೆ ಪ್ರಿಂಟ್ ಆನ್ ಡಿಮಾಂಡ್ (ಆರ್ಡರ್ ಬಂದಾಗ ಮಾತ್ರ ಅಚ್ಚಾಗುವ ಪ್ರತಿ) ಇಡಬೇಕು ಅಂತಿದ್ದೇವೆ.

ಜಗಳ ಶುರುವಾಗಿರುವುದು ಅದರ ಮುಂದಿನ ಪುಸ್ತಕಗಳ ಬಗ್ಗೆ. ನಮ್ಮಲ್ಲಿ ಒಬ್ಬ ತಿಂಗಳಿಗೊಂದು ಸಪ್ಲಿಮೆಂಟ್ (ಕೋರ್ ಬುಕ್ಕಿಗೆ ಸೇರಿಸಿಕೊಳ್ಳುವ ಪುಸ್ತಕ) ಬರಲೇಬೇಕು ಅಂತಾನೆ. ಒಂದು ತಿಂಗಳು ಭೂತಗಳ ಪುಸ್ತಕ, ಮುಂದಿನ ತಿಂಗಳು ಬಂದರುಗಳದ್ದು, ಆಮೇಲೆ ಹೊಸ ಕ್ಲಾಸ್‌ಗಳು (ಪಾತ್ರದ ಬಗೆಗಳು), ಆಮೇಲೆ ಅಡ್ವೆಂಚರ್ (ಆಡಿಸೋಕೆ ಸಿದ್ಧವಾಗಿರುವ ಕಥೆ), ಹೀಗೆ ವರ್ಷಪೂರ್ತಿ. ಕಣ್ಣಿಗೆ ಬೀಳದಿದ್ದರೆ ಜನ ಮರೆತುಬಿಡ್ತಾರೆ ಅನ್ನೋದು ಅವನ ವಾದ. ಇನ್ನೊಬ್ಬಳು ವರ್ಷಕ್ಕೆ ಎರಡು ಸಾಕು ಅಂತಾಳೆ. ಎಲ್ಲರಿಗೂ ಹಗಲು ಬೇರೆ ಕೆಲಸ ಇದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅನುಭವ ಇರುವವರು ಹೇಳಿ, ಯಾವುದು ಸರಿ? ಯಾವುದನ್ನು ಮೊದಲು ಬಿಡಬೇಕು?

ಹಳೇ ಮಾಡ್ಯೂಲ್

ಗುರು, ತಿಂಗಳಿಗೊಂದು ಬೇಡ. ಈ ಪ್ರಶ್ನೆಗೆ ಐವತ್ತು ವರ್ಷದ ಇತಿಹಾಸವೇ ಇದೆ, ಅದನ್ನು ನೋಡಿ ತೀರ್ಮಾನ ಮಾಡಿ.

ಈ ಬಗೆಯ ಆಟಗಳಲ್ಲಿ ತುಂಬ ಹೆಸರಾದ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಶುರುವಾಗಿದ್ದು 1974ರಲ್ಲಿ. ಆಮೇಲೆ ಅಡ್ವಾನ್ಸ್‌ಡ್ ಆವೃತ್ತಿ ಬಂದಾಗ ಮೂರು ಮುಖ್ಯ ಪುಸ್ತಕ ಹೊರಗೆ ತರೋಕೆ ಟಿಎಸ್‌ಆರ್ ಕಂಪನಿ ಎಷ್ಟು ಕಾಲ ತಗೊಂಡಿತು ಗೊತ್ತಾ? ಮೃಗಗಳ ಪುಸ್ತಕ 1977ರ ಕೊನೆಗೆ, ಆಟಗಾರರದ್ದು 1978ರಲ್ಲಿ, ಡಂಜನ್ ಮಾಸ್ಟರ್‌ನದು (ಆ ಆಟದಲ್ಲಿ ಗೇಮ್ ಮಾಸ್ಟರ್‌ಗೆ ಆ ಹೆಸರು) 1979ರಲ್ಲಿ. ವರ್ಷಕ್ಕೊಂದು! ಜನ ಮರೆತರಾ? ಇಲ್ಲ. ಸಿಕ್ಕ ಪುಸ್ತಕವನ್ನು ಹಳೆಯ ನಿಯಮಗಳ ಜೊತೆ ಸೇರಿಸಿಕೊಂಡು ಆಡಿದರು.

ಅದೇ ಕಂಪನಿ ತೊಂಬತ್ತರ ದಶಕದಲ್ಲಿ ಏನು ಮಾಡಿತು ನೋಡಿ. ಫಾರ್ಗಾಟನ್ ರೆಲ್ಮ್ಸ್, ಡ್ರಾಗನ್‌ಲ್ಯಾನ್ಸ್ ಎಂಬ ಕಥಾಲೋಕಗಳು ಮೊದಲೇ ಇದ್ದವು. ಅದರ ಮೇಲೆ 1989ರಲ್ಲಿ ಸ್ಪೆಲ್‌ಜಾಮರ್, 1990ರಲ್ಲಿ ರೇವನ್‌ಲಾಫ್ಟ್, 1991ರಲ್ಲಿ ಡಾರ್ಕ್ ಸನ್, 1992ರಲ್ಲಿ ಅಲ್-ಕದೀಮ್, 1994ರಲ್ಲಿ ಪ್ಲೇನ್‌ಸ್ಕೇಪ್, 1995ರಲ್ಲಿ ಬರ್ತ್‌ರೈಟ್. ಪ್ರತಿಯೊಂದಕ್ಕೂ ಪೆಟ್ಟಿಗೆ, ಪ್ರತಿಯೊಂದಕ್ಕೂ ಸಾಲು ಸಾಲು ಪುಸ್ತಕ. ಒಳ್ಳೊಳ್ಳೆ ಕೆಲಸ, ಈಗಲೂ ನಾನು ತೆಗೆದು ಓದುತ್ತೇನೆ. ಆದರೆ ಡಾರ್ಕ್ ಸನ್ ಆಡುವ ಮೇಜಿಗೆ ಬರ್ತ್‌ರೈಟ್ ಪುಸ್ತಕ ಯಾಕೆ ಬೇಕು? ಆಡುವವರ ಸಂಖ್ಯೆ ಅಷ್ಟೇ ಇತ್ತು, ಅವರನ್ನೇ ತುಂಡು ತುಂಡು ಮಾಡಿ ಹಂಚಿದರು. ಹೊಸ ಪುಸ್ತಕ ಹಳೆಯದರ ಗಿರಾಕಿಯನ್ನೇ ಕಿತ್ತುಕೊಂಡಿತು.

ಇನ್ನೂ ಕೆಟ್ಟದ್ದು ಏನೆಂದರೆ ಅವರ ದುಡ್ಡಿನ ವ್ಯವಸ್ಥೆ. ಪುಸ್ತಕದಂಗಡಿಗಳಿಗೆ ಹಂಚುತ್ತಿದ್ದದ್ದು ರ್‍ಯಾಂಡಮ್ ಹೌಸ್. ಮಾಲು ಕಳಿಸಿದ ತಕ್ಷಣ ಮುಂಗಡ ಸಿಗುತ್ತಿತ್ತು, ಮಾರಾಟವಾಗದ್ದು ಆಮೇಲೆ ವಾಪಸ್ ಬರುತ್ತಿತ್ತು. ಹಾಗಾಗಿ ಕೈಯಲ್ಲಿ ಕಾಸು ಇಲ್ಲ ಅಂದರೆ ಇನ್ನೊಂದು ಪುಸ್ತಕ ಅಚ್ಚು ಹಾಕಿ ಕಳಿಸೋದು. ಪಟ್ಟಿಯಲ್ಲಿ ಏನು ಬರಬೇಕು ಅಂತ ಆಡುವವರ ಬದಲು ಸಾಲ ತೀರ್ಮಾನ ಮಾಡುತ್ತಿತ್ತು. ವಾಪಸ್ ಬಂದ ಮಾಲು ಗುಡ್ಡೆ ಬಿದ್ದು, 1996ರ ಕೊನೆಗೆ ಅಚ್ಚಿನವರೂ ಕೆಲಸ ನಿಲ್ಲಿಸಿ, 1997ರಲ್ಲಿ ಕಂಪನಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಪಾಲಾಯಿತು. ಕಾರಣ ಇದೊಂದೇ ಅಲ್ಲ, ದಾಳದ ಆಟವೊಂದನ್ನು ಬೇಕಾಬಿಟ್ಟಿ ತಯಾರಿಸಿದ್ದೂ ಸೇರಿತ್ತು. ಆದರೆ ಅತಿಯಾಗಿ ಪುಸ್ತಕ ಬಿಟ್ಟಿದ್ದು ದೊಡ್ಡ ಕಾರಣ.

ಶನಿವಾರದ ಜಿಎಂ

ಮೇಲಿನವರು ಕಂಪನಿ ಕಡೆಯಿಂದ ಹೇಳಿದರು, ನಾನು ಮೇಜಿನ ಕಡೆಯಿಂದ ಹೇಳ್ತೀನಿ.

ನಮ್ಮದು ಶನಿವಾರದ ಗುಂಪು. ಒಬ್ಬರಿಗೆ ಮದುವೆ ಊಟ, ಇನ್ನೊಬ್ಬರಿಗೆ ಆಫೀಸ್ ಕಾಲ್, ಮತ್ತೊಬ್ಬರು ಊರಿಗೆ ಹೋಗಿರ್ತಾರೆ. ತಿಂಗಳಿಗೆ ಎರಡು ಸಲ ಕೂತರೆ ಖುಷಿ. ಸೆಷನ್‌ಗೆ ಮೂರ್ನಾಲ್ಕು ಗಂಟೆ. ಇಷ್ಟರಲ್ಲಿ ಮೂವತ್ತು ಪುಟದ ಅಡ್ವೆಂಚರ್ ಒಂದು ಎರಡು ತಿಂಗಳು ಆರಾಮಾಗಿ ಎಳೆಯುತ್ತದೆ. ಗಟ್ಟಿ ರಟ್ಟಿನ ದೊಡ್ಡ ಅಡ್ವೆಂಚರ್ ಆದರೆ ವರ್ಷ ದಾಟಿಯೇ ದಾಟುತ್ತದೆ. ನೀವು ತಿಂಗಳಿಗೊಂದು ಬಿಟ್ಟರೆ ನಾನು ಮೊದಲನೆಯದನ್ನು ಮುಗಿಸುವ ಹೊತ್ತಿಗೆ ಎರಡನೆಯದು ಮೂರನೆಯದು ಓದದೆ ಬಿದ್ದಿರ್ತವೆ. ಓದದ ಪಿಡಿಎಫ್ ಇರುವಾಗ ನಾಲ್ಕನೆಯದಕ್ಕೆ ನಾನು ದುಡ್ಡು ಕೊಡಲ್ಲ. ನಿಮ್ಮ ಆಟದ ಮೇಲೆ ಕೋಪ ಇರಲ್ಲ, ಆದರೂ ಕೊಳ್ಳಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ನೀವು ಎಷ್ಟು ಬೇಗ ಬರೀತೀರಿ ಅನ್ನೋದು ಬಿಟ್ಟುಬಿಡಿ. ನಿಮ್ಮ ಆಟ ಆಡುವ ಮೇಜು ಎಷ್ಟು ಬೇಗ ಮುಗಿಸುತ್ತದೆ ಅಂತ ನೋಡಿ, ಅದರ ಮೇಲೆ ತಾರೀಕು ಹಾಕಿ.

ಇನ್ನೊಂದು. ಐದು ಜನರ ಮೇಜಿನಲ್ಲಿ ಅಡ್ವೆಂಚರ್ ಕೊಳ್ಳುವುದು ಒಬ್ಬರೇ, ಗೇಮ್ ಮಾಸ್ಟರ್. ಹೊಸ ಕ್ಲಾಸ್, ಹೊಸ ಮಂತ್ರ ಇರುವ ಪುಸ್ತಕವನ್ನು ಐದೂ ಜನ ಕೊಳ್ಳಬಹುದು. ಅದಕ್ಕೇ ಎಲ್ಲ ಪ್ರಕಾಶಕರಿಗೂ ಆಟಗಾರರ ಪುಸ್ತಕದ ಮೇಲೆ ಆಸೆ. ಆದರೆ ಅಂಥ ಪುಸ್ತಕ ಒಂದು ಬಂದಾಗಲೆಲ್ಲ ಗೇಮ್ ಮಾಸ್ಟರ್ ತಲೆ ಮೇಲೆ ಭಾರ ಜಾಸ್ತಿ. ಹೊಸದು ಹಳೆಯದಕ್ಕಿಂತ ಬಲವಾಗಿರುತ್ತದೆ, ಲೆಕ್ಕ ತಪ್ಪುತ್ತದೆ, ಪ್ರತಿ ಸೆಷನ್‌ನಲ್ಲೂ ನಿಯಮದ ಚರ್ಚೆ. ಗೇಮ್ ಮಾಸ್ಟರ್ ಸುಸ್ತಾದ ದಿನ ಆ ಮೇಜು ನಿಂತುಹೋಗುತ್ತದೆ, ಐದು ಗಿರಾಕಿ ಒಟ್ಟಿಗೆ ಹೋದರು. ಆಟಗಾರರ ಪುಸ್ತಕವನ್ನು ದಯವಿಟ್ಟು ಮೊದಲ ವರ್ಷ ಮುಟ್ಟಬೇಡಿ. ಮೊದಲು ಒಂದು ಅಡ್ವೆಂಚರ್ ಕೊಡಿ. ನಿಮ್ಮ ಆಟ ಹೇಗೆ ನಡೆಸಬೇಕು ಅಂತ ಒಂದು ಒಳ್ಳೆಯ ಅಡ್ವೆಂಚರ್ ತೋರಿಸಿಕೊಡುವಷ್ಟು ಬೇರೆ ಯಾವ ಪುಸ್ತಕವೂ ತೋರಿಸಲ್ಲ.

ಮಂಚದ ಓದುಗ

ನಾನು ಒಪ್ಪಲ್ಲ ಸರ್. ಎಲ್ಲರೂ ಆಡೋಕೇ ಕೊಳ್ತಾರೆ ಅಂದುಕೊಂಡು ಲೆಕ್ಕ ಹಾಕ್ತಿದ್ದೀರಿ. ನನ್ನಂಥವರು ತುಂಬ ಜನ ಇದ್ದಾರೆ, ಗುಂಪು ಸಿಗಲ್ಲ, ಆದರೂ ಪುಸ್ತಕ ಓದ್ತೀವಿ. ಊರಿನ ವರ್ಣನೆ, ನಕ್ಷೆ, ವಿಚಿತ್ರ ಪ್ರಾಣಿಗಳು, ಅದೇ ಒಂದು ಸುಖ.

ಪೈಜೋ ಎಂಬ ಪ್ರಕಾಶಕರ ಉದಾಹರಣೆ ನೋಡಿ. 2007ರ ಆಗಸ್ಟ್‌ನಲ್ಲಿ ಪಾತ್‌ಫೈಂಡರ್ ಅಡ್ವೆಂಚರ್ ಪಾತ್ ಶುರು ಮಾಡಿದರು, ತಿಂಗಳಿಗೊಂದು 96 ಪುಟದ ಸಂಪುಟ, ಆರು ಸಂಪುಟಕ್ಕೆ ಒಂದು ಕಥೆ. ಮನೆಗೇ ಬರುವ ಚಂದಾ. ಯಾವ ಗುಂಪೂ ತಿಂಗಳಿಗೊಂದು ಸಂಪುಟ ಆಡಿ ಮುಗಿಸಲ್ಲ, ಆದರೂ ಜನ ಚಂದಾ ಬಿಡಲಿಲ್ಲ. ಆ ಕಂಪನಿ ಅದರ ಮೇಲೇ ನಿಂತಿತು, 2009ರಲ್ಲಿ ತಮ್ಮದೇ ಕೋರ್ ಬುಕ್ ತಂದಿತು. ಧಾರಾವಾಹಿ ಓದಿದ ಹಾಗೆ ಮುಂದಿನ ಕಂತಿಗೆ ಕಾಯೋದು ಒಂದು ರುಚಿ. ತಿಂಗಳ ಲಯ ಸುಮ್ನೆ ತೆಗೆದುಹಾಕುವಂಥದ್ದಲ್ಲ.

ಹಳೇ ಮಾಡ್ಯೂಲ್

ಒಳ್ಳೆಯ ಉದಾಹರಣೆ, ಆದರೆ ಹಿಂದಿನ ಕಥೆ ಸೇರಿಸಿ ಹೇಳಿ. ಪೈಜೋ ಅದಕ್ಕೆ ಮೊದಲು 2002ರಿಂದ ಡ್ರಾಗನ್, ಡಂಜನ್ ಎಂಬ ಎರಡು ಡಿ ಅಂಡ್ ಡಿ ಪತ್ರಿಕೆಗಳನ್ನು ವಿಝಾರ್ಡ್ಸ್‌ನವರ ಲೈಸೆನ್ಸ್ ಪಡೆದು ಹೊರಗೆ ತರುತ್ತಿತ್ತು. 2007ರಲ್ಲಿ ಆ ಲೈಸೆನ್ಸ್ ಹೋಯಿತು. ಅಷ್ಟರಲ್ಲಿ ಅವರ ಹತ್ತಿರ ಸಂಪಾದಕರು, ಚಿತ್ರಕಾರರು, ನಕ್ಷೆ ಬರೆಯುವವರು, ಚಂದಾದಾರರ ಪಟ್ಟಿ, ತಿಂಗಳ ಗಡುವಿಗೆ ಪಳಗಿದ ಕೈಗಳು ಎಲ್ಲ ಇದ್ದವು. ಒಂದು ಸಂಪುಟ ಹೊರಬರುವಾಗ ಅದರ ಮುಂದಿನ ಹಲವು ಸಂಪುಟಗಳು ಬೇರೆ ಬೇರೆ ಹಂತದಲ್ಲಿ ಕೆಲಸದಲ್ಲಿರ್ತವೆ. ಸಂಜೆ ಕೆಲಸ ಮುಗಿಸಿ ಬಂದು ಬರೆಯುವ ತಂಡಕ್ಕೆ ಅದು ಸಾಧ್ಯವಾ?

ಆಮೇಲೆ, 2021ರಲ್ಲಿ ಅವರೂ ಮೂರು ಸಂಪುಟದ ಚಿಕ್ಕ ಕಥೆಗಳನ್ನು ತಂದರು. ಆರು ತಿಂಗಳ ಕಥೆ ಮೂರನೇ ಕಂತಿನಲ್ಲಿ ಹಿಡಿಸಲಿಲ್ಲ ಅಂದರೆ ಓದುಗ ಅಲ್ಲೇ ಇಳಿದುಬಿಡ್ತಾನೆ, ಮಧ್ಯದಲ್ಲಿ ಹೊಸಬ ಹತ್ತೋದು ಕಷ್ಟ. ಮೂರಾದರೆ ಅದರ ಭಾರ ಕಡಿಮೆ.

ಇದಕ್ಕೆ ಎದುರಾಗಿ ಡಿ ಅಂಡ್ ಡಿ ಐದನೇ ಆವೃತ್ತಿ ನೋಡಿ. 2014ರ ಜುಲೈನಲ್ಲಿ ಸ್ಟಾರ್ಟರ್ ಸೆಟ್, ಆಗಸ್ಟ್‌ನಲ್ಲಿ ಆಟಗಾರರ ಪುಸ್ತಕ, ಸೆಪ್ಟೆಂಬರ್ ಕೊನೆಗೆ ಮೃಗಗಳದ್ದು, ಡಿಸೆಂಬರ್‌ನಲ್ಲಿ ಡಂಜನ್ ಮಾಸ್ಟರ್‌ನದು. 2015ಕ್ಕೆ ಬಂದ ಗಟ್ಟಿ ರಟ್ಟಿನ ಪುಸ್ತಕ ಮೂರೇ, ಎರಡು ದೊಡ್ಡ ಅಡ್ವೆಂಚರ್, ಒಂದು ಪ್ರದೇಶದ ಪುಸ್ತಕ. ಆಗ ಎಷ್ಟು ಜನ ಗೊಣಗಿದರು, ಆಟ ಸತ್ತೇ ಹೋಯಿತು ಅಂದರು. ಹಿಂದಿನ ನಾಲ್ಕನೇ ಆವೃತ್ತಿಯಲ್ಲಿ 2008ರ ಜೂನ್‌ನಲ್ಲಿ ಮೂರೂ ಪುಸ್ತಕ ಒಂದೇ ಸಲ, 2009ಕ್ಕೆ ಆಟಗಾರರ ಎರಡನೇ ಪುಸ್ತಕ, 2010ಕ್ಕೆ ಮೂರನೆಯದು, ನಡುವೆ ಇನ್ನಷ್ಟು. ನಿಧಾನವಾಗಿ ಬಂದ ಐದನೆಯದೇ ಹತ್ತು ವರ್ಷ ಗಟ್ಟಿಯಾಗಿ ನಿಂತಿತು. ಪುಸ್ತಕ ಕಡಿಮೆ ಇದ್ದದ್ದರಿಂದ ಹೊಸಬರಿಗೆ ಎಲ್ಲಿಂದ ಶುರು ಮಾಡಬೇಕು ಅನ್ನೋ ಗೊಂದಲ ಇರಲಿಲ್ಲ. ಯೂಟ್ಯೂಬ್, ಟ್ವಿಚ್‌ನಲ್ಲಿ ಆಟ ನೋಡಿ ಬಂದವರಿಗೂ ಹಾಗೇ. ನನಗೆ ಇದೇ ದೊಡ್ಡ ಪಾಠ ಅನ್ನಿಸುತ್ತದೆ.

ಪುಟವಿನ್ಯಾಸ

ನಾನು ಲೇಔಟ್ ಮಾಡುವವಳು. ಎಷ್ಟು ಪುಸ್ತಕ ಅನ್ನೋದು ಆಮೇಲಿನ ಮಾತು, ಒಂದು ಪುಸ್ತಕಕ್ಕೆ ಎಷ್ಟು ಕಾಲ ಬೇಕು ಅಂತ ಮೊದಲು ಬರೆದುಕೊಳ್ಳಿ. ಬರೆಯುವವರು ಯಾವಾಗಲೂ ಬರವಣಿಗೆಯ ಕಾಲವನ್ನೇ ಪುಸ್ತಕದ ಕಾಲ ಅಂದುಕೊಳ್ತಾರೆ.

ಹೊರಬರುವ ದಿನದಿಂದ ಹಿಂದಕ್ಕೆ ಎಣಿಸಿ. ಪ್ರಿಂಟ್ ಆನ್ ಡಿಮಾಂಡ್‌ಗೆ ಮಾರಾಟ ತೆರೆಯುವ ಮೊದಲು ನೀವೇ ಒಂದು ಪ್ರೂಫ್ ಪ್ರತಿ ತರಿಸಿ ನೋಡಿ ಒಪ್ಪಬೇಕು. ಅದು ಹೊರದೇಶದಿಂದ ಬೆಂಗಳೂರಿಗೆ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ. ಬಣ್ಣ ಮಂಕಾಗಿದೆ, ಅಂಚು ಕತ್ತರಿಸಿದೆ ಅಂದರೆ ಫೈಲ್ ಸರಿಮಾಡಿ ಇನ್ನೊಂದು ಪ್ರೂಫ್, ಮತ್ತೆ ಅಷ್ಟೇ ಕಾಲ. ಎರಡು ಪ್ರೂಫ್‌ಗೆ ಜಾಗ ಇಟ್ಟೇ ತಾರೀಕು ಹಾಕಿ. ಅದಕ್ಕೆ ಮೊದಲು ಇಂಡೆಕ್ಸ್, ಪುಟ ಸಂಖ್ಯೆ ಕೊಟ್ಟಿರುವ ಕಡೆಯೆಲ್ಲ ಪರೀಕ್ಷೆ. ಅದಕ್ಕೆ ಮೊದಲು ಲೇಔಟ್. ಅದಕ್ಕೆ ಮೊದಲು ಚಿತ್ರ, ಮತ್ತು ಚಿತ್ರಕಾರರಿಗೆ ಬರವಣಿಗೆ ಮುಗಿಯುವ ಮೊದಲೇ ಏನು ಬೇಕು ಅಂತ ಹೇಳಿರಬೇಕು. ಅದಕ್ಕೆ ಮೊದಲು ಎಡಿಟಿಂಗ್, ಅದಕ್ಕೂ ಮೊದಲು ಪ್ಲೇಟೆಸ್ಟ್, ಅಂದರೆ ಆಡಿಸಿ ನೋಡುವ ಪರೀಕ್ಷೆ. ನೀವೇ ಬರೆದು ನೀವೇ ಆಡಿಸಿದರೆ ಅದು ಪ್ಲೇಟೆಸ್ಟ್ ಅಲ್ಲ, ಪುಸ್ತಕ ಮಾತ್ರ ಕೈಯಲ್ಲಿ ಹಿಡಿದ ಬೇರೊಬ್ಬರು ಆಡಿಸಬೇಕು.

ಇದರಲ್ಲಿ ಎಲ್ಲರೂ ಮರೆಯುವುದು ನಿಯಮ ಬೀಗ ಹಾಕುವ ದಿನ. ಆ ದಿನದ ನಂತರ ಕೋರ್ ನಿಯಮ ಬದಲಾಗಬಾರದು, ಸಪ್ಲಿಮೆಂಟ್ ಬರವಣಿಗೆ ಅಲ್ಲಿಂದಲೇ ಶುರುವಾಗಬೇಕು. 2014ರಲ್ಲಿ ಐದನೇ ಆವೃತ್ತಿಯ ಮೊದಲ ದೊಡ್ಡ ಅಡ್ವೆಂಚರನ್ನು ಹೊರಗಿನ ಕೊಬೋಲ್ಡ್ ಪ್ರೆಸ್‌ನವರು ಬರೆದರು, ಆಗ ನಿಯಮ ಇನ್ನೂ ಬದಲಾಗುತ್ತಿತ್ತು. ಕೋರ್ ಬುಕ್ಕಿನ ಜೊತೆಗೇ ಹೊರಬರಬೇಕಿತ್ತಲ್ಲ. ಶುರುವಿನ ಕಾಳಗಗಳು ಮೊದಲ ಲೆವೆಲ್‌ನವರಿಗೆ ತುಂಬ ಕಠಿಣ ಅಂತ ಆಡಿದವರೆಲ್ಲ ದೂರಿದರು. ಬರೆದವರು ನುರಿತವರೇ, ಆದರೆ ಅಲುಗಾಡುವ ನೆಲದ ಮೇಲೆ ಬರೆಯಬೇಕಾಯಿತು.

ಮತ್ತೆ, ಪಿಡಿಎಫ್ ಮೊದಲು ಬಿಡಿ, ಪ್ರಿಂಟ್ ಆಮೇಲೆ. ಕೆಯಾಸಿಯಂ ಎಂಬ ಪ್ರಕಾಶಕರು ತಮ್ಮ ಕಾಲ್ ಆಫ್ ಕ್ತುಲ್ಹು ಆಟದ ಪುಸ್ತಕಗಳಿಗೆ ಹೀಗೇ ಮಾಡ್ತಾರೆ. ಪಿಡಿಎಫ್ ಕೊಂಡವರು ತಪ್ಪು ಹುಡುಕಿ ಹೇಳ್ತಾರೆ, ಅದನ್ನು ತಿದ್ದಿ ಅಚ್ಚಿಗೆ ಕಳಿಸ್ತಾರೆ. ನಿಮಗೆ ಒಂದೇ ಪುಸ್ತಕದಿಂದ ಎರಡು ಸಲ ಸುದ್ದಿ ಮಾಡೋ ಅವಕಾಶವೂ ಸಿಗುತ್ತದೆ. ನಿಮ್ಮ ಗೆಳೆಯರಿಗೆ ಬೇಕಾಗಿರುವುದು ಕಣ್ಣಿಗೆ ಬೀಳುವುದು ತಾನೇ? ಅದಕ್ಕೆ ಹೊಸ ಪುಸ್ತಕವೇ ಬೇಕಾಗಿಲ್ಲ.

ಶನಿವಾರದ ಜಿಎಂ

ಪಿಡಿಎಫ್ ಮೊದಲು ಅನ್ನೋದಕ್ಕೆ ನನ್ನ ಓಟು. ಇಲ್ಲಿಂದ ಕೊಳ್ಳುವ ನಮಗೂ ಅದೇ ಅನುಕೂಲ. ಹೊರಗಿನಿಂದ ಪುಸ್ತಕ ತರಿಸಿದರೆ ಸಾಗಣೆ ಖರ್ಚೇ ಕೆಲವೊಮ್ಮೆ ಪುಸ್ತಕದ ಬೆಲೆಗೆ ಬಂದು ನಿಲ್ಲುತ್ತದೆ, ಮೇಲೆ 2019ರ ಬಜೆಟ್‌ನಲ್ಲಿ ಹಾಕಿದ 5% ಕಸ್ಟಮ್ಸ್ ಸುಂಕ ಬೇರೆ.

ಬಂದರು ತಂಡ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿಯಮ ಬೀಗ ಹಾಕುವ ದಿನದ ಮಾತು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ, ಇವತ್ತೇ ಸೇರಿಸ್ತೀವಿ. ಇನ್ನೊಂದು ಯೋಚನೆ ಇದೆ. ಅಮೆರಿಕದಲ್ಲಿರುವ ನಮ್ಮ ಗೆಳತಿಯ ಮೂಲಕ ಕಿಕ್‌ಸ್ಟಾರ್ಟರ್ (ಜನರಿಂದ ಮೊದಲೇ ದುಡ್ಡು ಕೂಡಿಸುವ ಜಾಲತಾಣ) ಮಾಡಿ, ಸಪ್ಲಿಮೆಂಟ್‌ಗಳನ್ನೆಲ್ಲ ಸ್ಟ್ರೆಚ್ ಗೋಲ್ (ಗುರಿ ಮೀರಿ ದುಡ್ಡು ಬಂದರೆ ಕೊಡುವ ಹೆಚ್ಚುವರಿ) ಆಗಿ ಇಟ್ಟರೆ ಹೇಗೆ? ದುಡ್ಡು ಮೊದಲೇ ಬಂದಿರುತ್ತದೆ, ನಿಧಾನವಾಗಿ ಬರೆದು ಕೊಡಬಹುದು ಅಲ್ವಾ?

ಹಳೇ ಮಾಡ್ಯೂಲ್

ಕಿಕ್‌ಸ್ಟಾರ್ಟರ್ ಮಾಡಿ, ತಪ್ಪೇನಿಲ್ಲ. ಭಾರತದಿಂದ ನೇರವಾಗಿ ಪ್ರಾಜೆಕ್ಟ್ ತೆರೆಯೋಕಾಗಲ್ಲ, ಗೆಳತಿ ಇರೋದು ಅನುಕೂಲವೇ. ಆದರೆ ಆ ಖಾತೆ, ತೆರಿಗೆ, ಸಾಗಣೆ ಎಲ್ಲ ಅವರ ಹೆಸರಿಗೆ ಬೀಳುತ್ತದೆ, ಮೊದಲೇ ಕೂತು ಮಾತಾಡಿ ಬರೆದಿಟ್ಟುಕೊಳ್ಳಿ.

ಸಪ್ಲಿಮೆಂಟ್‌ಗಳನ್ನು ಸ್ಟ್ರೆಚ್ ಗೋಲ್ ಮಾಡೋದು ಮಾತ್ರ ಬೇಡವೇ ಬೇಡ. ಸೆವೆಂತ್ ಸೀ ಎರಡನೇ ಆವೃತ್ತಿ ಗೊತ್ತಿದೆಯಲ್ಲ, ಅದೂ ಹಡಗು, ಕಡಲ್ಗಳ್ಳರ ಆಟವೇ. 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹದಿಮೂರು ಲಕ್ಷ ಡಾಲರ್ ಹತ್ತಿರ ಬಂತು, ಹನ್ನೊಂದು ಸಾವಿರಕ್ಕೂ ಜಾಸ್ತಿ ಬ್ಯಾಕರ್‌ಗಳು, ಅಂದರೆ ದುಡ್ಡು ಹಾಕಿದವರು. ರೋಲ್‌ಪ್ಲೇಯಿಂಗ್ ಆಟಕ್ಕೆ ಆಗ ಅದು ದಾಖಲೆ. ಸ್ಟ್ರೆಚ್ ಗೋಲ್‌ನಲ್ಲಿ ಆಟದೊಳಗಿನ ಒಂದಾದ ಮೇಲೊಂದು ದೇಶದ ಪುಸ್ತಕಗಳನ್ನು ಸೇರಿಸುತ್ತಾ ಹೋದರು. ಆ ಪುಸ್ತಕಗಳ ಪಿಡಿಎಫ್ ಬ್ಯಾಕರ್‌ಗಳಿಗೆ ಕಡಿಮೆ ದುಡ್ಡಿನ ಹಂತದಲ್ಲೇ ಸಿಗುತ್ತಿತ್ತು. ಅಂದರೆ ಮುಂದಿನ ಹಲವು ವರ್ಷದ ಪುಸ್ತಕಗಳನ್ನು ಅವರ ಅತ್ಯಂತ ನಿಷ್ಠೆಯ ಗಿರಾಕಿಗಳು ಆವತ್ತೇ ಕೊಂಡುಬಿಟ್ಟಿದ್ದರು! ಆಮೇಲೆ ಸಂಬಳ ಎಲ್ಲಿಂದ? 2018ರಲ್ಲಿ ಕೆಲಸಗಾರರನ್ನು ಬಿಡಬೇಕಾಯಿತು, 2019ರಲ್ಲಿ ಆಟವನ್ನು ಕೆಯಾಸಿಯಂ ತೆಗೆದುಕೊಂಡಿತು. ಉಳಿದ ಪುಸ್ತಕಗಳ ಹೊಣೆಯೂ ಅವರಿಗೇ ಹೋಯಿತು. ಆ ಆಟ ನನಗೆ ತುಂಬ ಇಷ್ಟ, ಅದಕ್ಕೇ ಬೇಜಾರು ಜಾಸ್ತಿ.

ಮುಂದಿನ ಪುಸ್ತಕದ ದುಡ್ಡು ಮುಂದಿನ ಪುಸ್ತಕದಿಂದಲೇ ಬರಲಿ. ಸ್ಟ್ರೆಚ್ ಗೋಲ್‌ನಲ್ಲಿ ಇದೇ ಪುಸ್ತಕಕ್ಕೆ ಹೆಚ್ಚು ಚಿತ್ರ, ಒಳ್ಳೆಯ ಕಾಗದ, ಬರೆಯುವವರಿಗೆ ಹೆಚ್ಚು ಸಂಭಾವನೆ ಇಡಿ. ಚಿಕ್ಕದಾಗಿ ಪರೀಕ್ಷೆ ಮಾಡಬೇಕು ಅಂದರೆ ಝೀನ್ ಕ್ವೆಸ್ಟ್ ನೋಡಿ. 2019ರ ಫೆಬ್ರವರಿಯಲ್ಲಿ ಕಿಕ್‌ಸ್ಟಾರ್ಟರ್ ಶುರು ಮಾಡಿದ್ದು, ಪುಟ್ಟ ಪುಸ್ತಿಕೆಗಳಿಗಾಗಿಯೇ. ಒಂದೇ ಒಂದು ಅಡ್ವೆಂಚರ್ ಹಾಕಿ, ಕೊಟ್ಟ ಮಾತಿನಂತೆ ತಲುಪಿಸಿ. ಆ ಹೆಸರು ಮುಂದೆ ಕೆಲಸಕ್ಕೆ ಬರುತ್ತದೆ.

ಪುಟವಿನ್ಯಾಸ

ಒಂದು ಸೇರಿಸ್ತೀನಿ. ಪಟ್ಟಿಯನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಹೊರಗಿನಿಂದ ಏಟು ಬೀಳಬಹುದು. 2023ರ ಜನವರಿಯಲ್ಲಿ ಡಿ ಅಂಡ್ ಡಿ ನಿಯಮಗಳನ್ನು ಬೇರೆಯವರೂ ಬಳಸೋಕೆ ಬಿಡುವ ಓಪನ್ ಗೇಮ್ ಲೈಸೆನ್ಸ್ ಬದಲಿಸೋಕೆ ಹೊರಟು ಗಲಾಟೆ ಆಯಿತಲ್ಲ, ಪೈಜೋ ತನ್ನ ಕೋರ್ ಪುಸ್ತಕಗಳನ್ನೇ ಹೊಸದಾಗಿ ಬರೆದು 2023ರ ನವೆಂಬರ್‌ನಿಂದ 2024ರವರೆಗೆ ಬಿಡಬೇಕಾಯಿತು. 2025ರ ಜನವರಿಯಲ್ಲಿ ಡೈಮಂಡ್ ಎಂಬ ಹಂಚಿಕೆ ಕಂಪನಿ ದಿವಾಳಿ ಅರ್ಜಿ ಹಾಕಿತು, ಅಲೈಯನ್ಸ್ ಎಂಬ ದೊಡ್ಡ ಗೇಮ್ ಹಂಚಿಕೆದಾರ ಸಂಸ್ಥೆ ಆಗ ಅದರದ್ದೇ ಆಗಿತ್ತು. ನೀವು ಅಂಗಡಿಗಳಿಗೆ ಹೋಗ್ತಿಲ್ಲ, ಸರಿ, ಆದರೆ ಎರಡು ಪುಸ್ತಕದ ನಡುವೆ ಖಾಲಿ ತಿಂಗಳು ಇಟ್ಟವರು ಮಾತ್ರ ಇಂಥದ್ದನ್ನು ತಡೆದುಕೊಳ್ತಾರೆ. ಖಾಲಿ ತಿಂಗಳು ನೋಡಿ ಯಾರಾದರೂ ಅಲ್ಲಿ ಇನ್ನೊಂದು ಪುಸ್ತಕ ತುರುಕಿದರೆ ಬಿಡಬೇಡಿ.

ಮುಂದೆ ಆಫ್‌ಸೆಟ್‌ಗೆ, ಅಂದರೆ ಒಟ್ಟಿಗೆ ತುಂಬ ಪ್ರತಿ ಅಚ್ಚು ಹಾಕಿಸೋಕೆ ಹೋದರೆ ಪುಟಗಳನ್ನು 16ರ ಲೆಕ್ಕದಲ್ಲಿ ಯೋಚಿಸಿ, ಚೀನಾದಲ್ಲಿ ಅಚ್ಚು ಹಾಕಿಸಿದರೆ ಅಲ್ಲಿನ ಹೊಸವರ್ಷದ ರಜೆಗೆ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರ್ತವೆ. ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಂದರು ತಂಡ

ನಿನ್ನೆ ರಾತ್ರಿ ಎಲ್ಲರೂ ಕೂತು ಇದನ್ನೆಲ್ಲ ಓದಿದೆವು. ತಿಂಗಳಿಗೊಂದು ಅಂತಿದ್ದವನೇ ಪಟ್ಟಿ ಹೊಸದಾಗಿ ಬರೆದ. ಹೀಗಿದೆ:

ಕೋರ್ ಬುಕ್ ಪಿಡಿಎಫ್, ಅದರೊಳಗೇ ಒಂದು ಚಿಕ್ಕ ಅಡ್ವೆಂಚರ್. ಓದಿದವರು ಹೇಳಿದ ತಪ್ಪು ತಿದ್ದಿ, ಎರಡು ಪ್ರೂಫ್ ನೋಡಿ, ಆಮೇಲೆ ಪ್ರಿಂಟ್. ಅಲ್ಲಿಂದ ನಾಲ್ಕು ತಿಂಗಳ ನಂತರ 32 ಪುಟದ ಒಂದು ಅಡ್ವೆಂಚರ್, ಒಂದೇ ಬಂದರಿನಲ್ಲಿ ನಡೆಯುವಂಥದ್ದು. ಇನ್ನೂ ನಾಲ್ಕು ತಿಂಗಳ ನಂತರ ಅದೇ ಬಂದರು ಮತ್ತು ಸುತ್ತಲಿನ ಕರಾವಳಿಯ ಪುಸ್ತಕ, ಭೂತಗಳೂ ಅದರೊಳಗೇ ಸೇರುತ್ತವೆ, ಬೇರೆ ಪುಸ್ತಕ ಇಲ್ಲ. ಆಟಗಾರರ ಪುಸ್ತಕ ಎರಡನೇ ವರ್ಷಕ್ಕೆ, ಅದೂ ಆಡಿದವರು ಏನು ಕೇಳ್ತಾರೆ ನೋಡಿಕೊಂಡು. ಎರಡನೇ ಅಡ್ವೆಂಚರ್ ಬರವಣಿಗೆ ಮುಗಿದ ಮೇಲೆಯೇ ಅದಕ್ಕೆ ತಾರೀಕು.

ಈ ಪಟ್ಟಿಯನ್ನು ಕೋರ್ ಬುಕ್ಕಿನ ಕೊನೆಯ ಪುಟದಲ್ಲಿ ಹಾಕಲಾ? ಮುಂದೆ ಏನು ಬರುತ್ತದೆ ಅಂತ ಗೊತ್ತಾದರೆ ಜನ ನಂಬಿ ಕೊಳ್ತಾರೆ ಅನ್ನಿಸ್ತು.

ಮಂಚದ ಓದುಗ

ಪಟ್ಟಿ ಇಷ್ಟವಾಯಿತು. ಎರಡೂ ಪುಸ್ತಕ ಒಂದೇ ಬಂದರಿನ ಬಗ್ಗೆ ಅನ್ನೋದು ಓದುವವರಿಗೂ ಒಳ್ಳೆಯದು, ಒಂದು ಊರನ್ನು ಪೂರ್ತಿ ಪರಿಚಯ ಮಾಡಿಕೊಳ್ಳಬಹುದು. ನಡುವಿನ ತಿಂಗಳುಗಳಲ್ಲಿ ಒಂದೊಂದು ಪುಟದ ಏನಾದರೂ ಬಿಟ್ಟಿ ಕೊಡಿ, ಒಬ್ಬ ವ್ಯಾಪಾರಿ, ಒಂದು ಹಡಗು, ಒಂದು ಗಾಳಿಸುದ್ದಿ. ನನ್ನಂಥವನಿಗೆ ತಿಂಗಳ ರುಚಿ ಅಷ್ಟರಲ್ಲೇ ಸಿಗುತ್ತದೆ. ಮಾರ್ಚ್‌ನಲ್ಲಿ ಡ್ರೈವ್‌ಥ್ರೂನಲ್ಲಿ ಗೇಮ್ ಮಾಸ್ಟರ್ಸ್ ಡೇ ರಿಯಾಯಿತಿ ಇರುತ್ತದೆ, ಕೋರ್ ಬುಕ್ಕನ್ನು ಅದಕ್ಕೆ ಸೇರಿಸಿ.

ಪುಟವಿನ್ಯಾಸ

ಕೊನೆಯ ಪುಟದಲ್ಲಿ ಪುಸ್ತಕಗಳ ಹೆಸರು ಬೇಕಾದರೆ ಹಾಕಿ, ತಾರೀಕು ಹಾಕಬೇಡಿ. ಅಚ್ಚಾದ ತಾರೀಕನ್ನು ತಿದ್ದೋಕಾಗಲ್ಲ. ಲೇಔಟ್ ಮುಗಿದು ಮೊದಲ ಪ್ರೂಫ್ ನಿಮ್ಮ ಕೈಗೆ ಬಂದ ದಿನ ತಾರೀಕು ಹೇಳಿ, ಅದಕ್ಕೆ ಮೊದಲು ಯಾರು ಕೇಳಿದರೂ ಕೆಲಸ ಯಾವ ಹಂತದಲ್ಲಿದೆ ಅಂತ ಮಾತ್ರ ತಿಳಿಸಿ. ಮತ್ತೆ, 32 ಪುಟದ ಅಡ್ವೆಂಚರ್‌ಗೆ ಎಷ್ಟು ನಕ್ಷೆ ಅಂತ ಇವತ್ತೇ ತೀರ್ಮಾನ ಮಾಡಿ ಚಿತ್ರ ಬರೆಯುವವರಿಗೆ ಹೇಳಿ, ನಾಲ್ಕು ತಿಂಗಳಲ್ಲಿ ಮೊದಲು ತಡವಾಗೋದು ಅದೇ.